ಜುಂಜಣ್ಣನು ಜೀಪಿಗೆ ಜಡೆ ಹೆಣೆದದ್ದು

ಮಾಘಮಾಸದ ಒಂದು ಮಧ್ಯಾಹ್ನ. ಶಿರಾ ಪಟ್ಟಣದ ಹೊರಗೆ, ಹೆದ್ದಾರಿಯ ಬದಿಯ ಗ್ಯಾರೇಜುಗಳ ಸಾಲಿನಲ್ಲಿ ವಿದ್ಯುತ್ತು ಹೋಗಿ, ಬೆಸುಗೆಯ ಯಂತ್ರವೂ ಗಾಳಿಯ ಯಂತ್ರವೂ ಏಕಕಾಲಕ್ಕೆ ಮೌನ ತಾಳಿದ್ದವು. ಕೆಲಸ ನಿಂತ ಕೈಗಳವರೂ ಗಾಡಿ ಕೆಟ್ಟು ನಿಂತವರೂ ಹೊಂಗೆಯ ನೆರಳಿನಲ್ಲಿ ಒಟ್ಟಾಗಿ ಕುಳಿತಿರಲು, ಟಯರಿನಂಗಡಿಯ ಮುದುಕ ಕೆಂಚಪ್ಪನು ಆ ಸಾಲಿನಲ್ಲಿಯೇ ನಡೆದ ಈ ಕತೆಯನ್ನು ಹೇಳಿದನು. ಅವನು ಹೇಳಿದ ಕ್ರಮವನ್ನು ಕೆಡಿಸದೆ, ಅವರವರ ಮಾತನ್ನು ಅವರವರ ಬಾಯಲ್ಲಿಯೇ ಉಳಿಸಿ, ಇಲ್ಲಿ ಬರೆದಿದೆ.

ಬಸ್ಸು ನಿಲ್ದಾಣದಲ್ಲಿ ಹೂ ಮಾರುವ ಚಿತ್ತಕ್ಕನಿಗೆ ಜುಂಜಣ್ಣನೆಂಬ ಒಬ್ಬನೇ ಮಗ. ಆಳು ಕಂಬದಂಥವನು; ಮೀಸೆ ಬಂದು ಬಹುಕಾಲವಾಗಿತ್ತು; ಮನಸ್ಸು ಮಾತ್ರ ಆಗತಾನೆ ಕರೆದ ಹಾಲು. ಸುಳ್ಳು ಅರಿಯನು, ಕಳವು ಅರಿಯನು, ಎದುರುಮಾತು ಅರಿಯನು. ಅರಿತದ್ದು ಒಂದೇ: ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು. ಅವನ ಕಷ್ಟಗಳಿಗೆಲ್ಲ ಅದೇ ಮೂಲವಾಗಿತ್ತು.

ಹೋಟೆಲಿನವನು, "ಗಿರಾಕಿ ಎದ್ದ ತಕ್ಷಣ ಎಲೆ ತೆಗಿ" ಎಂದನು. ಜುಂಜಣ್ಣನು ಉಪ್ಪಿಗೆಂದು ಎದ್ದವನ ಅರ್ಧ ಉಂಡ ಎಲೆಯನ್ನು ತೆಗೆದನು. ಬಟ್ಟೆಯಂಗಡಿಯವನು, "ಬಂದೋರನ್ನ ಬರಿಗೈಲಿ ಕಳಿಸ್ಬೇಡ" ಎಂದನು. ಕರೆಂಟಿನ ಮೀಟರು ನೋಡಲು ಬಂದವನ ಕೈಯಲ್ಲೂ ಒಂದು ಸೀರೆಯಿಟ್ಟು ಕಳಿಸಿದನು. ಹೀಗೆ ಒಂದು ಬಾಗಿಲು ಹೊಗುವನು, ಬೈಗುಳ ಹೊತ್ತು ಹೊರಬೀಳುವನು. ಇನ್ನೊಂದು ಬಾಗಿಲು ಹೊಗುವನು, ಬೈಗುಳ ಹೊತ್ತು ಹೊರಬೀಳುವನು.

"ಅಯ್ಯೋ ನನ್ನಪ್ಪ! ನಿನ್ನನ್ನ ಯಾವ ಗಳಿಗೇಲಿ ಹೆತ್ನೋ!" ಎಂದು ಚಿತ್ತಕ್ಕನು ಹಣೆ ಬಡಿದುಕೊಂಡಳು.

"ಕೋಳಿ ಕೂಗೋ ಹೊತ್ನಲ್ಲಿ ಅಂತ ನೀನೇ ಹೇಳಿದ್ಯಲ್ಲಮ್ಮ!" ಎಂದನು ಮಗ.

ಕೊನೆಗೆ ಅವಳು ಅವನನ್ನು ಕರೆದುಕೊಂಡು ದಸ್ತಗೀರ್ ಮೇಸ್ತ್ರಿಯ ಗ್ಯಾರೇಜಿಗೆ ಬಂದಳು. ಗಾಡಿಗಳ ವೈರಿಂಗಿನಲ್ಲಿ ಆ ಸಾಲಿಗೇ ಹಿರಿಯನಾದ ದಸ್ತಗೀರನಿಗೆ ಆಗ ಹತ್ತಿರದ ದೃಷ್ಟಿ ಮಂಜಾಗಿತ್ತು. ಜೊತೆಗಿದ್ದ ಕೆಲಸಗಾರನು ಸ್ವಂತ ಅಂಗಡಿ ಹಾಕಿಕೊಂಡು ಹೋಗಿದ್ದನು.

"ಸಾಬ್ರೆ, ಇವನನ್ನ ನಿಮ್ಮ ಮಡ್ಲಿಗೆ ಹಾಕ್ತಿದೀನಿ. ನಾನು ಕಣ್ಮುಚ್ಚಿದ ಮೇಲೆ ಇವನಿಗೊಂದು ಕಸುಬು, ಒಂದು ನೆರಳು ಬೇಕು. ನೀವೂ ಓಡಿಸಿದ್ರೆ ಇನ್ಯಾವ ಬಾಗ್ಲು ತಟ್ಲಿ?"

"ಬೆರಳು ಹೆಂಗವೆ?"

"ಬೆರಳಿಗೇನು ಸಾಬ್ರೆ, ಬಂಗಾರ! ಆಡೋ ವಯಸ್ನಿಂದ ಹೂ ಕಟ್ಟವ್ನೆ. ತಲೆ ಮಾತ್ರ..."

"ತಲೆ ನಂದೈತೆ ಬಿಡಮ್ಮ. ಬೆರಳು ಸಾಕು. ಕುರಿ ಡಾಕ್ಟ್ರಮ್ಮನ ಜೀಪು ಬಂದೈತೆ. ಆ ಜೀಪು ಇವನ ಕೈಲಿ ಎದ್ರೆ ಇವನಿಗೆ ಇಲ್ಲೇ ಜಾಗ. ಏಳ್ಲಿಲ್ಲ, ಕರ್ಕೊಂಡ್ಹೋಗು. ಮಾತಂದ್ರೆ ಮಾತು."

ಚಿತ್ತಕ್ಕನು ಮಗನ ಗಲ್ಲ ಹಿಡಿದು, "ಮೇಸ್ತ್ರಿ ಏನು ಹೇಳ್ತಾರೋ ಅದನ್ನೇ ಮಾಡು ಮಗ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ!" ಎಂದು ಹೇಳಿ ಬುಟ್ಟಿಯೆತ್ತಿಕೊಂಡು ಹೋದಳು.

ಆ ಜೀಪು ಭಾಗೀರಥಿಯೆಂಬ ಪಶುವೈದ್ಯೆಯದು. ಹಟ್ಟಿಯಿಂದ ಹಟ್ಟಿಗೆ ಹೋಗಿ ಕುರಿಗಳಿಗೆ ಲಸಿಕೆ ಹಾಕುವುದು ಅವರ ಕೆಲಸ. ಎಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂದು ಅಪ್ಪಣೆ ಕೊಡುವ ಕಂಪ್ಯೂಟರ್ ಡಬ್ಬಿಯೊಂದು ಗಾಡಿಯೊಳಗೆ ಇರುತ್ತದೆ. ಅದು ಸತ್ತಿತ್ತು. ಅಂಥ ಡಬ್ಬಿಯನ್ನು ಕಂಪನಿಯು ಈಗ ಮಾಡುವುದಿಲ್ಲ. ವೈದ್ಯೆಯು ಬೇರೆ ಯಾರೋ ತಯಾರಿಸಿದ ಡಬ್ಬಿಯೊಂದನ್ನು ತರಿಸಿದರು. ಹೊಸ ಡಬ್ಬಿಯ ಬಾಯಿಗೆ ಹಳೆಯ ತಂತಿಗಳು ಹೊಂದಲಿಲ್ಲ. ಆದಕಾರಣ ಡಬ್ಬಿಯಿಂದ ಎಂಜಿನ್ನಿನವರೆಗಿನ ತಂತಿಗಳ ಇಡೀ ಕಂತೆಯನ್ನೇ ಹೊಸದಾಗಿ ಕಟ್ಟಬೇಕಾಯಿತು. ನಡುವೆ ದಪ್ಪ, ತುದಿಯಲ್ಲಿ ಕವಲು ಕವಲಾಗಿರುವ ಆ ಕಂತೆಗೆ ದಸ್ತಗೀರನ ಗ್ಯಾರೇಜಿನಲ್ಲಿ ಜಡೆ ಎಂದು ಹೆಸರು.

ಮೇಸ್ತ್ರಿಯು ಹಳೆಯ ಜಡೆಯನ್ನು ಬಿಚ್ಚಿ ಹಲಗೆಯ ಮೇಲೆ ಹಾಸಿದನು. "ನೋಡ್ಲಾ ಜುಂಜ, ಇದನ್ನ ಮುಂದಿಟ್ಕೊಂಡು ಹೊಸ ವೈರಲ್ಲಿ ಕಟ್ಟು. ಡಬ್ಬಿ ಕಡೆ ತುದಿಗೆ ಹೊಸ ಬಾಯಿ ನಾನು ಹಾಕ್ತೀನಿ; ಮಿಕ್ಕಿದ್ದು ಹಳೇದು ಹೆಂಗೈತೋ ಹಂಗೇ ಬರ್ಬೇಕು. ಒಂದಿಷ್ಟೂ ವ್ಯತ್ಯಾಸ ಇರ್ಬಾರ್ದು!"

"ಒಂದಿಷ್ಟೂ ಇರಲ್ಲ ಮೇಸ್ತ್ರಿ!"

ಮೇಸ್ತ್ರಿಯು ಸಾಮಾನು ತರಲು ಪೇಟೆಗೆ ಹೋಗಿ ಬಂದು ನೋಡುತ್ತಾನೆ, ಹಲಗೆಯ ಮೇಲೆ ಎರಡು ಹಳೆಯ ಜಡೆಗಳು! ಅದರಲ್ಲಿ ಸುಟ್ಟಲ್ಲಿ ಇದರಲ್ಲೂ ಸುಟ್ಟಿದೆ. ಅದರಲ್ಲಿ ಯಾರೋ ಪಟ್ಟಿ ಸುತ್ತಿದಲ್ಲಿ ಇದರಲ್ಲೂ ಪಟ್ಟಿ ಸುತ್ತಿದೆ. ಅದರಲ್ಲಿ ಇಲಿ ಕಡಿದಲ್ಲಿ ಇದರಲ್ಲೂ ಕಡಿದಿದೆ.

"ಯಾ ಅಲ್ಲಾ! ಹೊಸ ವೈರಿಗೆ ಇಲಿ ಹೆಂಗ್ಲಾ ಬಿತ್ತು?"

"ಇಲಿ ಸಿಕ್ಲಿಲ್ಲ ಮೇಸ್ತ್ರಿ. ನಾನೇ ಕಚ್ದೆ."

"ನೀನೇ ಕಚ್ದ್ಯಾ!"

"ಹಲ್ಲಿನ ಗುರುತು ಸ್ವಲ್ಪ ದೊಡ್ದಾಯ್ತು. ಅದೊಂದೇ ವ್ಯತ್ಯಾಸ. ತಪ್ಪಾಯ್ತು ಮೇಸ್ತ್ರಿ."

"ಲೇ ಪೆದ್ದ! ರೂಪ ತಗೊ ಅಂದ್ರೆ ರೋಗಾನೂ ತಗೋತಾರೇನ್ಲಾ? ಹೊಸದು ಅಂದ್ಮೇಲೆ ಹೊಸದೇ! ತಿರುಗಾ ಕತ್ರಿಸು, ತಿರುಗಾ ಜೋಡ್ಸು! ಈ ಸಲ ಒಂದೊಂದು ವೈರಿಗೂ ಒಂದೊಂದು ಹೆಸರಿಡು. ಯಾವುದು ಯಾವುದು ಅಂತ ನಿದ್ದೇಲಿ ಕೇಳಿದ್ರೂ ಹೇಳ್ಬೇಕು!"

ಸಂಜೆ ಚಿತ್ತಕ್ಕನು ಕೇಳಿದಳು: "ಇವತ್ತೇನು ಮಾಡ್ದೆ ಮಗನೆ?"

"ಹೇಳಿದ್ದನ್ನೇ ಮಾಡ್ದೆ ಕಣಮ್ಮ."

"ಅಯ್ಯೋ, ಹಂಗಾದ್ರೆ ಏನೋ ಆಗೈತೆ!" ಎಂದಳು ತಾಯಿ.

ಮರುದಿನ ಮೇಸ್ತ್ರಿಯು ಬರುವಷ್ಟರಲ್ಲಿ ಸಾಲಿನ ಗ್ಯಾರೇಜುಗಳವರೆಲ್ಲ ಬಾಯಿ ಚಪ್ಪರಿಸುತ್ತಿದ್ದರು. ಟಯರಿನ ಕೆಂಚಪ್ಪನೂ ಚಪ್ಪರಿಸುತ್ತಿದ್ದನು.

"ಏನ್ರಪ್ಪ ಬಾಯಲ್ಲಿ?"

"ಸಕ್ಕರೆ ಸಾಬ್ರೆ! ನಿಮ್ಮ ಜುಂಜ ಹಂಚ್ದ. ನಿಮ್ಮಲ್ಲಿ ನಾಮಕರಣವಂತೆ!"

ಮೇಸ್ತ್ರಿಯು ಒಳಗೆ ಓಡಿದನು. ಜುಂಜಣ್ಣನು ಕೊನೆಯ ತಂತಿಯ ತುದಿಯನ್ನು ತುಟಿಯ ಬಳಿ ಹಿಡಿದು, ಮಗುವಿನ ಕಿವಿಯಲ್ಲಿ ಹೇಳುವ ಹಾಗೆ ಏನನ್ನೋ ಉಸುರುತ್ತಿದ್ದನು.

"ಏನ್ಲಾ ಇದು! ಕ್ರ್ಯಾಂಕ್ ಸೆನ್ಸರ್ ವೈರ್ ಯಾವುದ್ಲಾ?"

"ಹಂಗಂತ ಯಾರೂ ಇಲ್ಲ ಮೇಸ್ತ್ರಿ. ಎಂಜಿನ್ನಿನ ಬುಡದಿಂದ ಬರೋಳಾ? ಅವಳು ಬುಕ್ಕಾಪಟ್ಟಣದ ತಿಮ್ಮಕ್ಕತ್ತೆ. ಸಣ್ಣ ದನಿ, ಜೋರು ಬಾಯಿನೋರ ಪಕ್ಕ ಕೂರ್ಸಿದ್ರೆ ಇವಳ ಮಾತು ಡಬ್ಬಿಗೆ ಕೇಳ್ಸಲ್ಲ ಅಂತ ನೀವೇ ಅಂದಿದ್ರಿ."

"ಕಿಡಿ ಕೊಡೋ ಕಾಯಿಲ್‌ದು?"

"ದೊಡ್ಡೀರಣ್ಣ ಮಾವ. ಮುಟ್ಟಿದ್ರೆ ಉರಿದು ಬೀಳ್ತಾನೆ. ತಿಮ್ಮಕ್ಕತ್ತೆಯಿಂದ ದೂರ ಮಲಗ್ಸಿದೀನಿ."

ಮೇಸ್ತ್ರಿಗೆ ನಗೆಯೂ ಬಂದಿತು, ಸಿಟ್ಟೂ ಬಂದಿತು, ಸಿಟ್ಟನ್ನೇ ಆರಿಸಿಕೊಂಡನು. "ವೈರಿಗೆಲ್ಲ ನಂಟಸ್ತಿಕೆ ಕಟ್ಟಿದ್ಯಲ್ಲೋ ನನ್ನಪ್ಪ! ಹೆಸರಿಡು ಅಂದ್ರೆ ಕೆಲಸದ ಹೆಸರು ಕಣ್ಲಾ, ಕುಲದ ಹೆಸರಲ್ಲ! ಸುಮ್ನಿರು, ನಗ್ಬೇಡ! ನಾಳೆ ಎಲ್ಲಾದಕ್ಕೂ ಸರಿಯಾಗಿ ಅರ್ತ್ ಕೊಡು. ಅರ್ತ್ ಇಲ್ದಿದ್ರೆ ಎಲ್ಲಾ ದಂಡ!"

ಬೈದನೇನೋ ಸರಿ. ಆದರೆ ಮಧ್ಯಾಹ್ನದೊಳಗೆ, "ಆ ತಿಮ್ಮಕ್ಕತ್ತೇನ ಇತ್ತ ಎಳಿ" ಎಂಬ ಮಾತು ಮೇಸ್ತ್ರಿಯ ಬಾಯಿಂದಲೇ ಬಂದುದನ್ನು ಕೇಳಿದವರುಂಟು.

ಸಂಜೆ ಜುಂಜಣ್ಣನು ತಾಯಿಯನ್ನು ಕೇಳಿದನು: "ಅಮ್ಮಾ, ತಿಮ್ಮಕ್ಕತ್ತೆಗೆ ಅರ್ಥ ಏನು?"

"ಅವಳಿಗೆಂಥ ಅರ್ಥ್ವೋ! ಅವಳಾಡೋ ಒಂದು ಮಾತಿಗೂ ಅರ್ಥ ಇಲ್ಲ!"

ಜುಂಜಣ್ಣನು ಕಳವಳದಿಂದ ನಿದ್ದೆಗೆಟ್ಟನು. ಬೆಳಗ್ಗೆ ವೈದ್ಯೆ ಭಾಗೀರಥಿಯವರು ಜೀಪು ನೋಡಲು ಬಂದಾಗ ಅವರನ್ನೇ ಕೇಳಿದನು.

"ಡಾಕ್ಟ್ರಮ್ಮಾ, ಈ ವೈರುಗಳಿಗೆ ಅರ್ಥ ಕೊಡ್ಬೇಕಂತೆ. ಒಂದಕ್ಕೂ ಹೊಳೀತಿಲ್ಲ."

ವೈದ್ಯೆಯು ನಕ್ಕರು. "ಅರ್ಥ ಅಲ್ಲಪ್ಪ, ಅರ್ತ್! ಇಂಗ್ಲಿಷ್ ಮಾತು. ಅರ್ತ್ ಅಂದ್ರೆ ಭೂಮಿ, ನೆಲ."

"ನೆಲಾನಾ? ಅಷ್ಟೇನಾ!"

ಅಷ್ಟೇ. ಮೇಸ್ತ್ರಿಯು ಬಂದಾಗ ಜೀಪಿನ ಸುತ್ತ ಮೊಳದಾಳದ ಗುಂಡಿಗಳು. ಒಂದೊಂದು ಗುಂಡಿಯಲ್ಲಿ ಒಂದೊಂದು ಕಪ್ಪು ತಂತಿಯ ತುದಿ. ಮೇಲೆ ಮಣ್ಣು ಮುಚ್ಚಿ, ಪಾತಿ ಮಾಡಿ, ಚೊಂಬಿನಿಂದ ನೀರನ್ನೂ ಹೊಯ್ದಾಗಿತ್ತು.

"ಇದೇನ್ಲಾ! ಬದನೆ ಸಸಿ ನೆಟ್ಟಿದ್ಯಾ?"

"ಅರ್ತ್ ಕೊಟ್ಟಿದೀನಿ ಮೇಸ್ತ್ರಿ! ಗಟ್ಟಿ ತುಳ್ದಿದೀನಿ."

"ಲೇ, ಜೀಪು ಓಡೋದು ಬೇಡ್ವೇನ್ಲಾ? ಗೂಟಕ್ಕೆ ಕಟ್ಟಿದ ಟಗರೇನ್ಲಾ ಇದು! ಹಟ್ಟಿಗೆ ಹೋಗ್ಬೇಕಾದ್ರೆ ಶಿರಾದ ನೆಲಾನೂ ಎಳ್ಕೊಂಡು ಹೋಗ್ಬೇಕೇನ್ಲಾ!"

"ಆಗಲ್ವಾ ಮೇಸ್ತ್ರಿ?"

"ಆಗಲ್ಲ! ಕಿತ್ತಾಕು! ಮಣ್ಣಿಗಲ್ಲ, ಮೈಗೆ ಕಟ್ಬೇಕು! ಬಣ್ಣದ ಮೇಲೆ ಕಟ್ಟಿದ್ರೆ ಹಿಡಿಯಲ್ಲ. ಬರಿಮೈಗೆ ಕಟ್ಟು! ಕಟ್ಟಿ ಬಿಗಿ ಮಾಡು, ನಾನು ಬಂದು ನೋಡೋ ತನಕ ಬಿಚ್ಬೇಡ!" ಎಂದು ಗದರಿಸಿ ಮೇಸ್ತ್ರಿಯು ಒಬ್ಬರ ಲಾರಿಯ ದೀಪ ನೋಡಲು ಹೋದನು.

ಲಾರಿಯ ಕೆಲಸ ಬೆಳೆಯಿತು. ಊಟದ ಹೊತ್ತು ಮೀರಿ ಮೇಸ್ತ್ರಿಯು ಹಿಂದಿರುಗಿದಾಗ ಜುಂಜಣ್ಣನು ಅಂಗಿ ಕಳಚಿ, ಕಪ್ಪು ತಂತಿಗಳನ್ನೆಲ್ಲ ಉಡಿದಾರದ ಹಾಗೆ ತನ್ನ ಸೊಂಟಕ್ಕೆ ಬಿಗಿದುಕೊಂಡು, ಜೀಪಿಗೆ ಆತು, ಕಾಲಮೇಲೆ ಕಾಲು ಹೆಣೆದು ನಿಂತಿದ್ದನು. ಮುಖ ಬೆವೆತಿತ್ತು.

"ಬೇಗ ಬನ್ನಿ ಮೇಸ್ತ್ರಿ! ಬೇಗ ನೋಡಿ!"

"ಏನ್ಲಾ ಇದು ವೇಷ?"

"ಬರಿಮೈ ಅಂದ್ರಲ್ಲ! ಅಂಗಿ ಬಣ್ಣದ್ದು, ಅದಕ್ಕೇ ತೆಗ್ದೆ. ನೋಡಿದ್ರಾ? ಬಿಗಿಯಾಗೈತಾ? ಬಿಚ್ಲಾ? ಒಂದಕ್ಕೆ ಹೋಗ್ಬೇಕು ಮೇಸ್ತ್ರಿ, ಬೆಳಿಗ್ಗೆಯಿಂದ ತಡ್ಕೊಂಡಿದೀನಿ!"

ಮೇಸ್ತ್ರಿಯು ಬೈಯಲೆಂದು ತೆರೆದ ಬಾಯನ್ನು ಮುಚ್ಚಿ, ಮೊದಲು ತಂತಿಗಳನ್ನು ಬಿಚ್ಚಿದನು. ಬೇಲಿಯ ಕಡೆಯಿಂದ ಜುಂಜಣ್ಣನು ಹಿಂದಿರುಗಿದ ಮೇಲೆ ಬೈದನು. "ನಿನ್ನ ಮೈ ಅಲ್ಲವೋ ಮಹರಾಯ, ಎಂಜಿನ್ನಿನ ಮೈ!" ಎಂದು ತಾನೇ ಲೋಹವನ್ನು ಹೊಳೆಯುವಂತೆ ಕೆರೆದು, ಬೋಲ್ಟು ತಿರುಗಿಸಿ ತೋರಿಸಿದನು. "ಹಿಂಗೆ! ಕಂಡ್ಯಾ?"

"ಹಿಂಗಾ! ಮೊದ್ಲೇ ಹಿಂಗೆ ತೋರ್ಸಿದ್ರೆ ನನಗೆ ಬರ್ತಿತ್ತು" ಎಂದು ಜುಂಜಣ್ಣನು ಉಳಿದವನ್ನೆಲ್ಲ ತಪ್ಪಿಲ್ಲದೆ ಬಿಗಿದನು. ಮೇಸ್ತ್ರಿಯು ಅರೆಕ್ಷಣ ಅವನ ಕೈಯನ್ನೇ ನೋಡಿದನು.

"ಇನ್ನು ತಿರುಗಾ ಬಿಚ್ಕೊಂಡು ಜಡೆ ಕಟ್ಟೋದೊಂದೇ ಉಳ್ದೈತೆ. ಇದು ನಿನಗೆ ಬರೋ ಕೆಲ್ಸ. ನಿಮ್ಮಮ್ಮ ಹೂ ಕಟ್ಟಲ್ವಾ? ಹಂಗೇ ಕಟ್ಟು. ಅದೇ ಗಂಟು, ಅದೇ ಅಂತರ, ಅದೇ ಬಿಗಿ. ನಿಮ್ಮಮ್ಮ ಹೂವಿಗೆ ಏನೇನು ಮಾಡ್ತಾಳೋ ಹಂಗೇ!"

ಮರುದಿನ ಗ್ಯಾರೇಜಿನಲ್ಲಿ ಜುಂಜಣ್ಣನೂ ಇಲ್ಲ, ಜಡೆಯೂ ಇಲ್ಲ. ಮೇಸ್ತ್ರಿಯು ಹುಡುಕುತ್ತ ಹೋದರೆ ಬಸ್ಸು ನಿಲ್ದಾಣದಲ್ಲಿ, ತಾಯಿಯ ಪಕ್ಕದಲ್ಲಿ, ಮಗನು ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾನೆ. ಅತ್ತ ತಾಯಿ ಕನಕಾಂಬರ ಕಟ್ಟುತ್ತಿದ್ದಾಳೆ. ಇತ್ತ ಮಗ ತಂತಿ ಕಟ್ಟುತ್ತಿದ್ದಾನೆ. ಅವಳ ಕೈಯಲ್ಲೂ ಬಾಳೆನಾರು, ಇವನ ಕೈಯಲ್ಲೂ ಬಾಳೆನಾರು. ಬಸ್ಸಿಗೆ ಕಾದಿದ್ದ ಹೆಂಗಸೊಬ್ಬಳು ಬಗ್ಗಿ ಕೇಳುತ್ತಿದ್ದಾಳೆ.

"ಇದ್ಯಾವ ಹೂವಪ್ಪ? ಬಣ್ಣ ಬಣ್ಣ ಐತೆ!"

"ಜೀಪಿನದು ಅಕ್ಕ."

"ಮೊಳ ಎಷ್ಟಪ್ಪ?"

"ಅಯ್ಯೋ ಮುಟ್ಬೇಡಿ ತಾಯಿ, ಅದು ಮಾರೋದಲ್ಲ!" ಎಂದು ಚಿತ್ತಕ್ಕನು ಕೈ ಅಡ್ಡ ಹಿಡಿದಳು.

ಅಷ್ಟರಲ್ಲಿ ಜುಂಜಣ್ಣನು ಕೊನೆಯ ಗಂಟು ಹಾಕಿ, ಚೊಂಬಿನಿಂದ ನೀರು ಚಿಮುಕಿಸಿ, ಜಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟನು.

"ನೀರು! ಲೇ ನೀರು!" ಎಂದು ಮೇಸ್ತ್ರಿಯು ಬಸ್ಸುಗಳೆಲ್ಲ ತಿರುಗಿ ನೋಡುವಂತೆ ಕೂಗಿದನು.

"ಬಾಡ್ಬಾರ್ದಲ್ಲ ಮೇಸ್ತ್ರಿ!"

"ವೈರು ಬಾಡುತ್ತೇನ್ಲಾ!" ಮೇಸ್ತ್ರಿಯು ಜಡೆಯನ್ನು ಎತ್ತಿ ಒದರಿದನು, ಒದರುತ್ತ ಹೆಬ್ಬೆರಳನ್ನು ಗಂಟುಗಳ ಮೇಲೆ ಆಡಿಸಿದನು. ಒಂದರಂತೆ ಇನ್ನೊಂದು, ಒಂದೂ ಜಾರಿಲ್ಲ, ಒಂದೂ ಬಿಗಿ ಹೆಚ್ಚಿ ತಂತಿಗೆ ಕಚ್ಚಿಲ್ಲ. ದನಿ ತಾನಾಗಿ ತಗ್ಗಿತು. ಆದರೂ ಬಿಡಲಿಲ್ಲ. "ಬಿಸ್ಲಲ್ಲಿ ಒಣಗ್ಸು! ನಾರು ತೆಗ್ದು ಮೇಣದ ದಾರದಲ್ಲಿ ಇದೇ ಗಂಟು ಹಾಕು! ಒಂದು ಹನಿ ನೀರು ಸೋಕ್ಬಾರ್ದು! ಇನ್ನು ಆ ಡಬ್ಬಿ ಐತಲ್ಲ, ಅದನ್ನಂತೂ ಹಸುಗೂಸಿನಂಗೆ ನೋಡ್ಕೊ! ನೆನೀಬಾರ್ದು, ಬಿಸ್ಲಿಗೆ ಕಾಯ್ಬಾರ್ದು, ಕೈ ಜಾರ್ಬಾರ್ದು! ನಾಳೆ ಡಾಕ್ಟ್ರಮ್ಮ ಬರ್ತಾರೆ, ಗಾಡಿ ಏಳ್ಬೇಕು. ಏಳ್ಲಿಲ್ಲ ಅಂದ್ರೆ ನಿಮ್ಮಮ್ಮನಿಗೆ ನಾನು ಏನು ಹೇಳ್ಲಿ?"

ಚಿತ್ತಕ್ಕನು ಅಲ್ಲಿಯೇ ಇದ್ದಳು; ಎಲ್ಲವನ್ನೂ ಕೇಳಿದಳು. ಅಂದು ಸಂಜೆ, ಏನು ಮಾಡಿದೆಯೆಂದು ಅವಳು ಮಗನನ್ನು ಕೇಳಲಿಲ್ಲ.

ಬೆಳಗಾಯಿತು. ವೈದ್ಯೆಯು ಲಸಿಕೆಯ ಮಂಜುಗಡ್ಡೆ ಪೆಟ್ಟಿಗೆಯೊಡನೆ ಬಂದರು. "ಬೇಗ ಮೇಸ್ತ್ರಿ! ಕುರಿಗಳನ್ನು ಬಯಲಿಗೆ ಬಿಡೋದ್ರೊಳಗೆ ಹಟ್ಟಿ ಸೇರಬೇಕು. ಬಿಟ್ಟಮೇಲೆ ಒಂದೂ ಕೈಗೆ ಸಿಗೋಲ್ಲ!" ಚಿತ್ತಕ್ಕನೂ ಬಂದಳು. ಹೂವಿನ ಬುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲ ಕಂಬಕ್ಕೆ ಒರಗಿ ನಿಂತಳು. ಸಾಲಿನವರೆಲ್ಲ ಕೆಲಸ ಬಿಟ್ಟು ನೆರೆದರು.

ಜಡೆಯು ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ಕುಳಿತಿತ್ತು. ಮೇಸ್ತ್ರಿಯು ಕೀಲಿ ತಿರುಗಿಸಿದನು. ಸದ್ದಿಲ್ಲ. ಮತ್ತೆ ತಿರುಗಿಸಿದನು. ಉಸಿರಿಲ್ಲ. ಬಗ್ಗಿ, ಜಡೆಯ ತುದಿಯನ್ನು ಹಿಡಿದು ನೋಡಿದರೆ ಅದು ಬರಿದೇ ತೂಗುತ್ತಿದೆ.

"ಡಬ್ಬಿ! ಡಬ್ಬಿ ಎಲ್ಲೋ!"

ಜುಂಜಣ್ಣನು ತುಟಿಯ ಮೇಲೆ ಬೆರಳಿಟ್ಟನು. "ಶ್! ಮೆಲ್ಲಗೆ ಮೇಸ್ತ್ರಿ. ಈಗ್ತಾನೆ ಮಲಗ್ತು."

ಗ್ಯಾರೇಜಿನ ಹಿಂದೆ, ನೆರಳು ತಪ್ಪದ ಕಡೆ, ಹೊಂಗೆಯ ಕೊಂಬೆಗೆ ಚಿತ್ತಕ್ಕನ ಹಳೆಯ ಸೀರೆಯ ಜೋಲಿ ಕಟ್ಟಿತ್ತು. ಜೋಲಿಯೊಳಗೆ ಡಬ್ಬಿ. ಅದರ ಮೈಗೆ ಮೆತ್ತನೆಯ ಬಟ್ಟೆ, ನೆತ್ತಿಗೆ ಕುಲಾವಿ, ಒಂದು ಬದಿಗೆ ದೃಷ್ಟಿಯಾಗದಂತೆ ಕಾಡಿಗೆಯ ಬೊಟ್ಟು.

ದಸ್ತಗೀರನ ಮುಖ ಬಿಳಿಚಿತು. "ಜುಂಜ... ನಿಜ ಹೇಳು ನನ್ನಪ್ಪ. ಹಾಲು... ಹಾಲು ಕುಡಿಸಿದ್ಯಾ?"

ನೆರೆದವರೆಲ್ಲ ಉಸಿರು ಹಿಡಿದರು. ಚಿತ್ತಕ್ಕನು ಕಣ್ಣು ಮುಚ್ಚಿಕೊಂಡಳು.

"ಇಲ್ಲ ಮೇಸ್ತ್ರಿ" ಎಂದನು ಜುಂಜಣ್ಣ. "ನೆನೀಬಾರ್ದು ಅಂದಿದ್ರಲ್ಲ."

ಹೊಂಗೆಯ ಎಲೆ ಅಲುಗುವಷ್ಟು ದೊಡ್ಡ ನಿಟ್ಟುಸಿರು ಎದ್ದ ಹಾಗಾಯಿತು. ಮೇಸ್ತ್ರಿಯು ಡಬ್ಬಿಯನ್ನು ತೆಗೆದುಕೊಂಡು ಕುಲಾವಿಯನ್ನು ಕಳಚಿದನು. ಬೊಟ್ಟನ್ನು ಒರೆಸಲು ಹೋಗಿ, ಏಕೋ ಹಾಗೆಯೇ ಬಿಟ್ಟನು. ಜಡೆಯ ತುದಿಯನ್ನು ಅದರ ಬಾಯಿಗೆ ಒತ್ತಿ ಕೂರಿಸಿ, "ಬಾ ಇಲ್ಲಿ. ಕೀಲಿ ನೀನೇ ತಿರುಗ್ಸು" ಎಂದನು.

ಜುಂಜಣ್ಣನು ತಿರುಗಿಸಿದನು. ಎಂಜಿನ್ನು ಒಮ್ಮೆ ಕೆಮ್ಮಿತು, ಒಮ್ಮೆ ಸೀನಿತು, ಆಮೇಲೆ ತಡವರಿಸದೆ ಒಂದೇ ಸಮನೆ ಓಡತೊಡಗಿತು. ಮೇಸ್ತ್ರಿಯು ಅದರ ಸದ್ದಿಗೆ ಕಿವಿಗೊಟ್ಟು, "ತಿಮ್ಮಕ್ಕತ್ತೆ ಮಾತು ಸ್ಪಷ್ಟವಾಗಿ ಕೇಳ್ತೈತೆ" ಎಂದನು. ವೈದ್ಯೆಯು ಪೆಟ್ಟಿಗೆಯನ್ನು ಒಳಗಿಟ್ಟು ಹಟ್ಟಿಯ ದಾರಿ ಹಿಡಿದರು. ಚಿತ್ತಕ್ಕನು ಬುಟ್ಟಿಗೆ ಮುಖ ಮರೆಮಾಡಿ ಅತ್ತಳು.

ದಸ್ತಗೀರನು ಜುಂಜಣ್ಣನ ಹೆಗಲ ಮೇಲೆ ಕೈಯಿಟ್ಟನು. ಅವನ ಕಣ್ಣೂ ಒದ್ದೆಯಾಗಿದ್ದಿತು. "ಮಾತಂದ್ರೆ ಮಾತು ಕಣ್ಲಾ. ಇವತ್ತಿಂದ ನೀನು ಇಲ್ಲಿಯೋನು. ಇದನ್ನ ಗ್ಯಾರೇಜು ಅನ್ಕೋಬೇಡ, ನಿನ್ನ ಮನೆ ಅಂತ್ಲೇ ತಿಳ್ಕೊ."

"ನನ್ನ ಮನೆ ಅಂತ್ಲಾ ಮೇಸ್ತ್ರಿ?"

"ನಿನ್ನ ಮನೇನೇ!"

ಮರುದಿನ ಬೆಳಗ್ಗೆ ಮೇಸ್ತ್ರಿಯು ಎಂದಿನಂತೆ ಬಂದನು. ಬಂದವನು ಬೀದಿ ತಪ್ಪಿದೆನೇ ಎಂದು ನಿಂತನು. ಗ್ಯಾರೇಜಿನ ಮುಂದೆ ಸೆಗಣಿ ಸಾರಿಸಿ ರಂಗೋಲಿ ಇಟ್ಟಿದೆ. ಷಟರಿಗೆ ಮಾವಿನ ತೋರಣ. ಸ್ಪ್ಯಾನರು ತೂಗುತ್ತಿದ್ದ ಮೊಳೆಗಳಲ್ಲಿ ಸೌಟು, ಜರಡಿ, ಒಂದು ಕೊಡೆ. ಕೆಲಸದ ಹಲಗೆಯ ಮೇಲೆ ಮಡಿಸಿದ ಹಾಸಿಗೆ. ಒಳಗೆ ಚಿತ್ತಕ್ಕನು ಒಲೆಯೂದುತ್ತ, "ಸಾಬ್ರು ಮನೆ ಕೊಟ್ಟವ್ರೆ ಅಂದ, ಬಂದ್ಬಿಟ್ವಿ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ!" ಎನ್ನುತ್ತಿದ್ದಾಳೆ. ಹೊಸ ಅಂಗಿ ತೊಟ್ಟ ಜುಂಜಣ್ಣನು ಎರಡು ಕೈ ಜೋಡಿಸಿ ಬಾಗಿಲಿಗೆ ಬಂದನು.

"ಅಯ್ಯೋ ಮೇಸ್ತ್ರಿ! ಬನ್ನಿ ಬನ್ನಿ! ಎಷ್ಟು ದೊಡ್ಡ ಮನ್ಸು, ನಮ್ಮನೆಗೆ ಬಂದ್ರಿ! ಚಪ್ಲಿ ಅಲ್ಲೇ ಬಿಡಿ, ಈಗ್ತಾನೆ ಸಾರ್ಸೈತೆ."

"ಲೇ, ಇದು ನನ್ನ..."

"ಕೂತ್ಕಳಿ ಮೇಸ್ತ್ರಿ! ಅಮ್ಮಾ, ನೆಂಟ್ರು ಬಂದವ್ರೆ, ಕಾಫಿಗಿಡು!"

"ನಾನು ಕೆಲ್ಸ ಮಾಡಕ್ಕೆ ಬಂದೆ ಕಣ್ಲಾ! ಸ್ಪ್ಯಾನರ್ ಎಲ್ಲಿಟ್ಟೆ?"

"ಛೆ ಛೆ! ಮನೆಗೆ ಬಂದೋರ ಕೈಲಿ ಯಾರಾದ್ರೂ ಕೆಲ್ಸ ಮಾಡಿಸ್ತಾರಾ? ಊಟ ಮಾಡ್ಕೊಂಡೇ ಹೋಗ್ಬೇಕು!"

ದಸ್ತಗೀರನು ಬೈಯಲೆಂದು ಬಾಯಿ ತೆರೆದನು. ಒಲೆಯ ಮುಂದೆ ಕುಳಿತ ಚಿತ್ತಕ್ಕನ ಮುಖವನ್ನು ನೋಡಿದನು. ಬಾಯಿ ಮುಚ್ಚಿ, ಚಪ್ಪಲಿ ಬಿಟ್ಟು, ಒಳಗೆ ಬಂದು ಕುಳಿತು ಕಾಫಿ ಕುಡಿದನು.

ಆ ಬಳಿಕ ಗ್ಯಾರೇಜಿನ ಹಿಂದಿನ ಸಾಮಾನಿನ ಕೋಣೆಯನ್ನು ತೆರವು ಮಾಡಿಸಿ ಮೇಸ್ತ್ರಿಯು ತಾಯಿಮಗನಿಗೆ ಕೊಟ್ಟನು. ಹಾಸಿಗೆಯೂ ಸೌಟೂ ಅಲ್ಲಿಗೆ ಹೋದವು. ಸ್ಪ್ಯಾನರುಗಳು ಮೊಳೆಗೆ ಮರಳಿದವು. ಚಿತ್ತಕ್ಕನು ಈಗಲೂ ಬಸ್ಸು ನಿಲ್ದಾಣದಲ್ಲಿ ಹೂ ಮಾರುತ್ತಾಳೆ, ಜುಂಜಣ್ಣನು ಜಡೆ ಕಟ್ಟುತ್ತಾನೆ, ವೈದ್ಯೆಯ ಜೀಪು ಹಟ್ಟಿಗಳಿಗೆ ಹೋಗಿ ಬರುತ್ತದೆ. ದಸ್ತಗೀರ್ ಮೇಸ್ತ್ರಿಯು ಪ್ರತಿದಿನ ಬೆಳಗ್ಗೆ ತನ್ನ ಗ್ಯಾರೇಜಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗಿನಿಂದ "ಬನ್ನಿ" ಎನ್ನಿಸಿಕೊಂಡ ಮೇಲೆಯೇ ಒಳಗೆ ಹೋಗುತ್ತಾನೆ.